ಸೀರೆ ಅಂಗಡಿ, ಹೋಟೆಲ್‌ಗೆ ಬೆಳಕು ಹಾಕುವ ಬಗೆ: ಗಿರಾಕಿಯ ಕಣ್ಣು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ

ರೇಷ್ಮೆ ಸೀರೆ ಅಂಗಡಿಯಲ್ಲಿ ವ್ಯಾಪಾರ ಇನ್ನೇನು ಕುದುರಿತು ಅನ್ನುವಾಗ ಗಿರಾಕಿ ಒಂದು ಮಾತು ಹೇಳುತ್ತಾರೆ: "ಸ್ವಲ್ಪ ಬಾಗಿಲ ಹತ್ರ ತನ್ನಿ, ಬೆಳಕಲ್ಲಿ ನೋಡ್ತೀನಿ." ಲಕ್ಷಗಟ್ಟಲೆ ಸುರಿದು ಸೀಲಿಂಗ್ ಮಾಡಿಸಿದ ಅಂಗಡಿಯ ದೀಪವನ್ನು ಅವರು ನಂಬುತ್ತಿಲ್ಲ ಅಂತ ಅರ್ಥ. ಅಂಗಡಿಯ ಬೆಳಕಿಗೆ ಇರುವ ಕೆಲಸ ಎರಡೇ. ಗಿರಾಕಿಯ ಕಣ್ಣನ್ನು ನಮಗೆ ಬೇಕಾದ ಕಡೆ ಎಳೆಯಬೇಕು; ಅಲ್ಲಿ ಕಂಡ ಬಣ್ಣ ಮನೆಗೆ ಹೋದ ಮೇಲೂ ಅದೇ ಆಗಿರಬೇಕು. ಮೊದಲನೆಯದನ್ನಷ್ಟೇ ಮಾಡಿ ಎರಡನೆಯದನ್ನು ಬಿಟ್ಟರೆ ಸೀರೆ ವಾಪಸ್ ಬರುತ್ತದೆ.

ಬೆಳಕು ಹೆಚ್ಚಿಸಿದರೆ ಮಾರಾಟ ಹೆಚ್ಚುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅರೆನಿ ಮತ್ತು ಕಿಮ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ, ವೈನ್ ಅಂಗಡಿಯೊಂದರ ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ಬೆಳಕು ಹೆಚ್ಚಿದ್ದಾಗ ಜನ ಹೆಚ್ಚು ಬಾಟಲಿ ಕೈಗೆತ್ತಿಕೊಂಡು ನೋಡಿದರು ನಿಜ, ಆದರೆ ಮಾರಾಟದಲ್ಲಿ ಅದರಿಂದ ವ್ಯತ್ಯಾಸವೇನೂ ಕಾಣಲಿಲ್ಲ. ಬೆಳಕು ಕೈಯನ್ನು ಸರಕಿನವರೆಗೆ ತರುತ್ತದೆ. ಮುಂದಿನದು ಸರಕಿನ ಗುಣ, ಬೆಲೆ ಮತ್ತು ಕೌಂಟರ್‌ನಲ್ಲಿ ಕೂತವರ ಮಾತು.

ಬಣ್ಣ ಮೊದಲು, ವ್ಯಾಟ್ ಆಮೇಲೆ

ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ಮೊದಲು ಕೇಳುವುದೇ "ಎಷ್ಟು ವ್ಯಾಟ್?" ಅಂತ. ಅದಕ್ಕಿಂತ ಮೊದಲು ಎರಡು ಸಂಖ್ಯೆ ತೀರ್ಮಾನವಾಗಬೇಕು.

ಒಂದು, ಕೆಲ್ವಿನ್, ಅಂದರೆ ಬೆಳಕಿನ ಬಣ್ಣದ ಅಳತೆ. 2700-3000 ವಾರ್ಮ್ ವೈಟ್, ಅಂದರೆ ಹಳದಿ ಛಾಯೆ. 4000 ನ್ಯಾಚುರಲ್ ವೈಟ್. 6500 ನಮ್ಮಲ್ಲಿ ಕೂಲ್ ಡೇಲೈಟ್ ಅಂತ ಮಾರುವ ನೀಲಿ ಬಿಳುಪು. ಹಳೆಯ ಟ್ಯೂಬ್‌ಲೈಟ್ ಅಭ್ಯಾಸದಿಂದ ಎಷ್ಟೋ ಮಾಲೀಕರು ಕಣ್ಣುಮುಚ್ಚಿ 6500 ಹಾಕಿಸುತ್ತಾರೆ. ಅದರಡಿ ಜರಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆನೆ ಬಣ್ಣದ ರೇಷ್ಮೆ ಒಗೆದ ಹತ್ತಿಯಂತೆ ಕಾಣುತ್ತದೆ, ಕನ್ನಡಿಯಲ್ಲಿ ಗಿರಾಕಿಯ ಮುಖ ಸುಸ್ತಾದಂತಿರುತ್ತದೆ. ಅದಕ್ಕೆ ಹೆದರಿ ಅಂಗಡಿಯನ್ನೆಲ್ಲ 2700 ಮಾಡಿದರೂ ಸರಿಹೋಗುವುದಿಲ್ಲ. ನೀಲಿ, ನೇರಳೆ, ನವಿಲುಬಣ್ಣ ಎಲ್ಲ ಮಂಕಾಗಿ ಒಂದೇ ರೀತಿ ಕಾಣುತ್ತವೆ. ರೇಷ್ಮೆ ಅಂಗಡಿಯಲ್ಲಿ ಸಾಮಾನ್ಯ ಬೆಳಕಿಗೆ 4000, ಜರಿ ಮತ್ತು ಬಾರ್ಡರ್ ಮೇಲೆ ಬೀಳುವ ಸ್ಪಾಟ್‌ಗೆ 3000 ಅಥವಾ 3500 ಇಟ್ಟರೆ ಎರಡೂ ಉಳಿಯುತ್ತವೆ. ಚಿನ್ನದ ಒಡವೆಗೆ 3000. ವಜ್ರಕ್ಕೆ 5000ಕ್ಕಿಂತ ಮೇಲೆ, ಅದೂ ಚಿಕ್ಕ ಬಿಂದುವಿನಂಥ ಸ್ಪಾಟ್. ಬೆಳ್ಳಿಗೆ 4000 ಅಥವಾ ಸ್ವಲ್ಪ ಮೇಲಿನದು.

ಎರಡನೆಯದು ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬ ಅಂಕ. ಪೆಟ್ಟಿಗೆಯ ಮೇಲೆ 80ಕ್ಕಿಂತ ಹೆಚ್ಚು ಅಂತ ಬರೆದಿದ್ದರೆ ಸಾಲದು, ಅದಕ್ಕೆ ಕಾರಣವಿದೆ. ಆ ಅಂಕ ಎಂಟು ತೆಳುಬಣ್ಣಗಳ ಸರಾಸರಿ ಅಷ್ಟೇ. ಗಾಢ ಕೆಂಪು ಒಂಬತ್ತನೆಯದು, ಆರ್‌9 ಅಂತ ಬೇರೆ ಲೆಕ್ಕ; ಸರಾಸರಿಯಲ್ಲಿ ಅದು ಸೇರುವುದೇ ಇಲ್ಲ. ಸಾಮಾನ್ಯ 80 ಸಿಆರ್‌ಐ ಎಲ್‌ಇಡಿಯಲ್ಲಿ ಆರ್‌9 ಸೊನ್ನೆಯ ಆಸುಪಾಸಿನಲ್ಲಿರುವುದು ಅಪರೂಪವಲ್ಲ. ಇಳಕಲ್ ಸೀರೆಯ ಟೋಪ ತೆನೆ ಸೆರಗಿನ ಕೆಂಪು, ಮದುವೆ ಸೀರೆಯ ಕುಂಕುಮ ಬಣ್ಣ, ಅರಗು, ಮರೂನ್ ಎಲ್ಲವೂ ಅಂಥ ದೀಪದಡಿ ಕಂದಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತವೆ. ಸಿಆರ್‌ಐ 90ಕ್ಕೆ ಮೇಲೆ, ಆರ್‌9 50ಕ್ಕೆ ಮೇಲೆ ಇರುವುದನ್ನೇ ಕೇಳಿ, ಡೇಟಾಶೀಟ್ (ದೀಪದ ತಾಂತ್ರಿಕ ವಿವರದ ಹಾಳೆ) ತರಿಸಿಕೊಂಡು ಓದಿ. ಡೇಟಾಶೀಟ್ ಇಲ್ಲ ಅನ್ನುವವರ ಹತ್ತಿರ ಗೋಡೌನ್‌ಗೆ ಬೇಕಾದ ದೀಪ ಕೊಳ್ಳಿ, ಕೌಂಟರ್‌ಗೆ ಬೇಡ.

ಮ್ಯಾಚಿಂಗ್ ಸೆಂಟರ್ ಇಟ್ಟವರಿಗೆ ಇದು ಇನ್ನೂ ದೊಡ್ಡ ತಲೆನೋವು. ಸೀರೆಗೆ ರವಿಕೆ ಬಟ್ಟೆ ಅಂಗಡಿಯೊಳಗೆ ತಾಳೆಯಾಗುತ್ತದೆ, ಬೀದಿಗೆ ಬಂದರೆ ಒಂದು ಹಸಿರು, ಇನ್ನೊಂದು ಹಳದಿ ಮಿಶ್ರ ಹಸಿರು. ಸೀರೆಗೆ ಹಾಕಿದ ಬಣ್ಣದ ರಾಸಾಯನಿಕ ಬೇರೆ, ರವಿಕೆ ಬಟ್ಟೆಯದು ಬೇರೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಥರ ಕಣ್ಣಿಗೆ ಬಿದ್ದು, ಬೇರೆ ಬೆಳಕಿನಲ್ಲಿ ಬೇರೆಯಾಗುತ್ತವೆ. ಮ್ಯಾಚಿಂಗ್ ನೋಡುವ ಮೇಜಿನ ಮೇಲಾದರೂ 4000-5000 ಕೆಲ್ವಿನ್, ಸಿಆರ್‌ಐ 95ರ ದೀಪ ಹಾಕಿ. ಪಕ್ಕದಲ್ಲೇ 3000ದ ಇನ್ನೊಂದು ದೀಪ, ಅದಕ್ಕೊಂದು ಸ್ವಿಚ್ ಇಟ್ಟರೆ ಕಲ್ಯಾಣ ಮಂಟಪದ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಅಂತಲೂ ಗಿರಾಕಿಗೆ ಅಲ್ಲೇ ತೋರಿಸಬಹುದು. ಬಿಳಿ ಪಂಚೆ, ಶರ್ಟ್ ಮಾರುವವರಿಗೆ ಬೇರೊಂದು ಸಂಗತಿ: ಆ ಬಟ್ಟೆಗಳಲ್ಲಿರುವ ಬಿಳುಪಿನ ಪುಡಿ ಹೊಳೆಯುವುದು ಬಿಸಿಲಿನ ಅತಿನೇರಳೆ ಕಿರಣಕ್ಕೆ. ಮಾಮೂಲಿ ಎಲ್‌ಇಡಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 3000ದ ದೀಪದಡಿ ಹೊಸ ಪಂಚೆಯೂ ಹಳೆಯದರಂತೆ ಕಾಣುತ್ತದೆ; ಆ ವಿಭಾಗಕ್ಕೆ 4000ಕ್ಕಿಂತ ಕೆಳಗೆ ಇಳಿಯಬೇಡಿ.

ದೀಪ ಆರಿಸುವ ಪರೀಕ್ಷೆ ಸುಲಭ. ಮೂರ್ನಾಲ್ಕು ಕಂಪನಿಯ ಸ್ಯಾಂಪಲ್ ತರಿಸಿ. ಮರೂನ್, ಕುಂಕುಮ, ನೇರಳೆ, ನವಿಲುಬಣ್ಣ, ಕೆನೆ, ಹೀಗೆ ಐದು ತುಂಡು ಬಟ್ಟೆ ಜೋಡಿಸಿ. ಬೆಳಗ್ಗೆ ಹತ್ತು-ಹನ್ನೊಂದರ ಹೊತ್ತಿಗೆ ನೇರ ಬಿಸಿಲು ಬೀಳದ ಬಾಗಿಲ ಬಳಿ, ಫೋಟೊದಲ್ಲಿ ಅಲ್ಲ, ಬರಿಗಣ್ಣಿನಿಂದ ನೋಡಿ. ಆಮೇಲೆ ಒಳಗೆ ಒಂದೊಂದೇ ದೀಪದಡಿ ನೋಡಿ. ಪ್ರತಿ ಸಲ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಕೊಡಿ. ಮರೂನ್ ಮತ್ತು ನೇರಳೆ ಎರಡೂ ಸರಿಯಿದ್ದರೆ ಉಳಿದವು ಸಾಮಾನ್ಯವಾಗಿ ಸರಿಯಿರುತ್ತವೆ.

ಎಷ್ಟು ಬೆಳಕು, ಎಲ್ಲಿ

ಲ್ಯೂಮೆನ್ ಅಂದರೆ ದೀಪ ಸೂಸುವ ಒಟ್ಟು ಬೆಳಕು; ಲಕ್ಸ್ ಅಂದರೆ ಒಂದು ಚದರ ಮೀಟರ್ ಮೇಲೆ ಬೀಳುವ ಲ್ಯೂಮೆನ್. ಅಂಗಡಿ 20×30 ಅಡಿ ಇದೆ ಅಂದುಕೊಳ್ಳಿ: 600 ಚದರಡಿ, ಸುಮಾರು 56 ಚದರ ಮೀಟರ್. ಓಡಾಡುವ ಜಾಗಕ್ಕೆ 300 ಲಕ್ಸ್ ಸಾಕು. 56×300 = 16,800 ಲ್ಯೂಮೆನ್ ನೆಲಕ್ಕೆ ತಲುಪಬೇಕು. ಗೋಡೆ, ಸೀಲಿಂಗ್ ಹೀರಿಕೊಳ್ಳುವುದು ಹೋಗಿ 0.6 ಭಾಗ ಕೆಲಸಕ್ಕೆ ಬರುತ್ತದೆ, ಧೂಳು ಮತ್ತು ದೀಪದ ಮುಪ್ಪಿಗೆ 0.8 ಅಂತ ಹಿಡಿಯಿರಿ; ಎರಡನ್ನೂ ಗುಣಿಸಿದರೆ 0.48. 16,800 ÷ 0.48 = 35,000 ಲ್ಯೂಮೆನ್. 15 ವ್ಯಾಟ್‌ನ ಡೌನ್‌ಲೈಟ್ ಒಂದಕ್ಕೆ 1350 ಲ್ಯೂಮೆನ್ ಆದರೆ 26 ದೀಪ, ಒಟ್ಟು 390 ವ್ಯಾಟ್. ಕಪ್ಪು ಮರದ ರ್ಯಾಕ್, ಗಾಢ ಬಣ್ಣದ ಗೋಡೆ ಇದ್ದರೆ 0.6 ಅನ್ನುವುದು 0.45ಕ್ಕೆ ಇಳಿಯಬಹುದು, ದೀಪ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ.

ಇಷ್ಟು ಮಾಡಿ ನಿಲ್ಲಿಸಿದರೆ ಅದು ಬ್ಯಾಂಕ್ ಶಾಖೆಯಂತೆ ಕಾಣುತ್ತದೆ. ಎಲ್ಲೆಡೆ ಒಂದೇ ಬೆಳಕಿದ್ದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಸುತ್ತಲಿನದಕ್ಕಿಂತ ಮೂರು ಪಟ್ಟು ಬೆಳಕು ಬಿದ್ದರೆ ಕಣ್ಣು ಅತ್ತ ತಿರುಗುತ್ತದೆ, ಐದು ಪಟ್ಟಾದರೆ ಅಲ್ಲೇ ನಿಲ್ಲುತ್ತದೆ, ಹತ್ತು ಪಟ್ಟು ನಾಟಕದ ರಂಗದಂತಾಗುತ್ತದೆ. ಸೀರೆ ಬಿಚ್ಚಿ ತೋರಿಸುವ ಗಾದಿ ಅಥವಾ ಕೌಂಟರ್ ಮೇಲೆ 900-1000 ಲಕ್ಸ್, ಬಾಗಿಲಿಂದ ನೇರ ಕಾಣುವ ಗೊಂಬೆಯ ಮೇಲೆ 1500. ಬಜೆಟ್ ಚಿಕ್ಕದಿದ್ದರೆ ಸಾಮಾನ್ಯ ಬೆಳಕನ್ನು 200ಕ್ಕೆ ಇಳಿಸಿ, ಸ್ಪಾಟ್ ಮಾತ್ರ ಕಡಿಮೆ ಮಾಡಬೇಡಿ. ಬಹಳಷ್ಟು ಜನ ಮಾಡುವುದು ಇದಕ್ಕೆ ತದ್ವಿರುದ್ಧ.

ಸ್ಪಾಟ್‌ಲೈಟ್ ಕೊಳ್ಳುವಾಗ ನೋಡಬೇಕಾದದ್ದು ಬೀಮ್ ಆ್ಯಂಗಲ್, ಅಂದರೆ ಬೆಳಕು ಹರಡುವ ಕೋನ. 2 ಮೀಟರ್ ದೂರದಲ್ಲಿ 15 ಡಿಗ್ರಿಯ ಬೆಳಕಿನ ವೃತ್ತ ಅರ್ಧ ಮೀಟರ್ ಅಗಲ, 24 ಡಿಗ್ರಿಯದು 85 ಸೆಂಟಿಮೀಟರ್, 36 ಡಿಗ್ರಿಯದು 1.3 ಮೀಟರ್, 60 ಡಿಗ್ರಿಯದು 2.3 ಮೀಟರ್. ಗೊಂಬೆಗೆ 24, ಗಾದಿಗೆ 36, ಒಡವೆಯ ಒಂದು ಸೆಟ್‌ಗೆ 15. 60 ಡಿಗ್ರಿಯ ಸ್ಪಾಟ್ ಹೆಸರಿಗೆ ಮಾತ್ರ ಸ್ಪಾಟ್. ಡೇಟಾಶೀಟ್‌ನಲ್ಲಿ 4000 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ) ಅಂತ ಇದ್ದರೆ ಅದನ್ನು ದೂರದ ವರ್ಗದಿಂದ ಭಾಗಿಸಿ: 2 ಮೀಟರ್‌ಗೆ 1000 ಲಕ್ಸ್, 3 ಮೀಟರ್‌ಗೆ 444. ಸೀಲಿಂಗ್ ಎತ್ತರವಿರುವ ಹಳೇ ಕಟ್ಟಡಗಳಲ್ಲಿ ಪಕ್ಕದಂಗಡಿಯಲ್ಲಿ ನೋಡಿದ್ದೇ ಸ್ಪಾಟ್ ತಂದು ಹಾಕಿ "ಬೆಳಕೇ ಸಾಲ್ತಿಲ್ಲ" ಅನ್ನುವುದು ಈ ಲೆಕ್ಕ ತಪ್ಪಿದ್ದಕ್ಕೆ.

ಕೋನ

ಸ್ಪಾಟನ್ನು ನೆತ್ತಿಯ ಮೇಲಿಂದ ನೇರ ಕೆಳಗೆ ಬಿಟ್ಟರೆ ಗೊಂಬೆಯ ತಲೆ, ಭುಜ ಹೊಳೆದು ಸೀರೆಯ ನೆರಿಗೆ ಕತ್ತಲಲ್ಲಿ ಉಳಿಯುತ್ತದೆ. ಲಂಬಕ್ಕೆ 30 ಡಿಗ್ರಿ ಓರೆ ಇರಲಿ. ಗೊಂಬೆಯ ಎದೆಯಿಂದ ಸೀಲಿಂಗ್‌ಗೆ 5 ಅಡಿ ಇದ್ದರೆ, ದೀಪ ಗೊಂಬೆಯಿಂದ ಸುಮಾರು 3 ಅಡಿ ಮುಂದೆ ಬರಬೇಕು. 45 ಡಿಗ್ರಿ ದಾಟಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಗಾದಿಯ ಮುಂದೆ ಕೂತ ಗಿರಾಕಿಗೆ ಸೇಲ್ಸ್‌ನವರು ಸೀರೆ ಎತ್ತಿ ಹಿಡಿದು ತೋರಿಸುವಾಗ ನಡೆಯುವುದನ್ನು ಒಮ್ಮೆ ಗಮನಿಸಿ. ಕೂತವರ ಕಣ್ಣು ನೆಲದಿಂದ ಎರಡೂವರೆ-ಮೂರು ಅಡಿ ಎತ್ತರದಲ್ಲಿ, ನೋಟ ಮೇಲಕ್ಕೆ. ಸೇಲ್ಸ್‌ನವರ ಹಿಂದಿನ ಸೀಲಿಂಗ್‌ನಲ್ಲಿರುವ ದೀಪ ನೇರ ಗಿರಾಕಿಯ ಕಣ್ಣಿಗೆ. ಗಿರಾಕಿಯ ಬೆನ್ನ ಹಿಂದಿನ ದೀಪದಿಂದ ಅವರದೇ ನೆರಳು ಸೀರೆಯ ಮೇಲೆ. ಆದ್ದರಿಂದ ಗಾದಿಗೆ ಎಡದಿಂದೊಂದು, ಬಲದಿಂದೊಂದು, ಎರಡು ಸ್ಪಾಟ್ ಅಡ್ಡವಾಗಿ ಬರಬೇಕು. ದೀಪದ ಚಿಪ್ ಒಳಗೆ ಆಳದಲ್ಲಿ ಕೂತ ಮಾದರಿ, ಸಾಧ್ಯವಾದರೆ ಜೇನುಗೂಡು ಜಾಲರಿಯದು. ಜರಿ ಮಿನುಗುವುದೂ ಹೀಗೆ ಓರೆಯಾಗಿ ಬಿದ್ದ ಚೂಪು ಬೆಳಕಿಗೇ. ದೊಡ್ಡ ಹಾಲುಬಿಳುಪಿನ ಪ್ಯಾನೆಲ್‌ನ ಮೃದು ಬೆಳಕಿನಲ್ಲಿ ಅಪ್ಪಟ ಜರಿಯೂ ಹಳದಿ ದಾರದಂತೆ ಕಾಣುತ್ತದೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ನೇಯ್ಗೆಯೂ ಅಷ್ಟೇ: ಸೀರೆ ಅಲುಗಿದಾಗ ಬಣ್ಣ ಹೊರಳಬೇಕಾದರೆ ಬೆಳಕಿಗೆ ದಿಕ್ಕು ಬೇಕು.

ಗಾದಿಯ ಮೇಲಿನ ಬಿಳಿ ಹಾಸನ್ನು ಬದಲಿಸಲು ಹೋಗಬೇಡಿ. ಕೆಂಪು ಕಾರ್ಪೆಟ್ ಹಾಕಿದ ಅಂಗಡಿಗಳಲ್ಲಿ ಆ ಕೆಂಪು ಪ್ರತಿಫಲಿಸಿ ಕೆನೆ ಸೀರೆಗಳಿಗೆಲ್ಲ ಗುಲಾಬಿ ಛಾಯೆ ಬರುತ್ತದೆ.

ರ್ಯಾಕ್‌ಗಳಲ್ಲಿ ಕಾಣುವುದು ಮಡಿಕೆಯ ಅಂಚು, ಅಂದರೆ ನಿಂತ ಮುಖ. ನೆಲದ ಮೇಲೆ ಎಷ್ಟು ಲಕ್ಸ್ ಬಿದ್ದರೂ ಅದಕ್ಕೆ ಪ್ರಯೋಜನವಿಲ್ಲ. ಸೀಲಿಂಗ್ 10 ಅಡಿಯಿದ್ದರೆ ರ್ಯಾಕ್‌ನಿಂದ ಎರಡೂವರೆ-ಮೂರು ಅಡಿ ಮುಂದೆ ದೀಪದ ಸಾಲು ಬರಲಿ, ಬೆಳಕು ರ್ಯಾಕ್ ಕಡೆ ವಾಲಿರಲಿ. ಒಂದೇ ಅಡಿ ದೂರಕ್ಕೆ ಹಾಕಿದರೆ ಮೇಲಿನ ಖಾನೆ ಸುಟ್ಟಂತೆ ಬೆಳ್ಳಗಾಗಿ ಕೆಳಗಿನ ಮೂರು ಖಾನೆ ಕತ್ತಲಾಗುತ್ತವೆ. ಖಾನೆಯೊಳಗೆ ಸ್ಟ್ರಿಪ್ ಹಾಕುವುದಾದರೆ ಮುಂದಿನ ಅಂಚಿನ ಕೆಳಗೆ, ಒಳಮುಖವಾಗಿ; ಹಿಂದಿನ ಗೋಡೆಗೆ ಅಂಟಿಸಿದರೆ ಸೀರೆಗಳು ಬರೀ ಕಪ್ಪು ಕಟ್ಟುಗಳಾಗಿ ಕಾಣುತ್ತವೆ.

ಕನ್ನಡಿ ಮುಂದೆ ಸೆರಗು ಹೊದ್ದು ನೋಡುವ ಜಾಗ, ಟ್ರಯಲ್ ರೂಮ್: ತೀರ್ಮಾನ ಆಗುವುದು ಇಲ್ಲೇ, ದೀಪ ಅತಿ ಅಗ್ಗದ್ದು ಹಾಕುವುದೂ ಇಲ್ಲೇ. ತಲೆಯ ಮೇಲಿನ ಒಂಟಿ ಡೌನ್‌ಲೈಟ್ ಕಣ್ಣಿನ ಕೆಳಗೆ, ಗಲ್ಲದ ಕೆಳಗೆ ನೆರಳು ಎಳೆದು ಹತ್ತು ವರ್ಷ ಸೇರಿಸುತ್ತದೆ. ಕನ್ನಡಿಯ ಎರಡೂ ಬದಿಗೆ, ನೆಲದಿಂದ 3 ಅಡಿಯಿಂದ 6 ಅಡಿವರೆಗೆ ಡಿಫ್ಯೂಸರ್ (ಬೆಳಕನ್ನು ಮೃದುವಾಗಿ ಹರಡುವ ಮುಸುಕು) ಇರುವ ಉದ್ದ ಪ್ರೊಫೈಲ್ ಲೈಟ್ ನಿಲ್ಲಿಸಿ, 3500 ಕೆಲ್ವಿನ್, ಸಿಆರ್‌ಐ 90. ಬೆಳಕು ಬೀಳಬೇಕಾದದ್ದು ಮನುಷ್ಯರ ಮೇಲೆ, ಕನ್ನಡಿಯ ಮೇಲಲ್ಲ.

ಬೀದಿಯ ಶೋಕೇಸ್ ಹಗಲಲ್ಲಿ ಕನ್ನಡಿಯಾಗುತ್ತದೆ. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್, ಅದರ ಮುಂದೆ ಯಾವ ದೀಪವೂ ನಿಲ್ಲುವುದಿಲ್ಲ. ಗಾಜಿನ ಮೇಲೆ ಚಾಚಿದ ಸಜ್ಜೆ ಅಥವಾ ಮೇಲ್ಕಟ್ಟು, ಗೊಂಬೆ ಗಾಜಿಗೆ ಹತ್ತಿರ, ಬೆನ್ನಿಗೆ ತಿಳಿಬಣ್ಣದ ಹಲಗೆ ಇದ್ದರೆ ಅರ್ಧ ಸರಿಹೋಗುತ್ತದೆ. ರಾತ್ರಿಗೆ ಅದೇ ಶೋಕೇಸ್‌ಗೆ ಹಗಲಿನ ಮೂರನೇ ಒಂದು ಭಾಗ ಸಾಕು. ಎಲ್‌ಇಡಿಯಿಂದ ಬಣ್ಣ ಹೋಗುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಹಿಂದಂತೂ ಮಡಿಕೆಯ ಅಂಚಿನಲ್ಲಿ ಬಿಳಿ ಗೆರೆ ಬಂದು ಸೀರೆ ರಿಯಾಯಿತಿ ಮಾರಾಟದ ಪಾಲಾಗುತ್ತದೆ. ಶೋಕೇಸ್‌ನ ಸೀರೆಯನ್ನು ವಾರಕ್ಕೊಮ್ಮೆ ಬದಲಿಸಿ.

ಹೋಟೆಲ್‌ನಲ್ಲಿ ಲೆಕ್ಕ ಬೇರೆ

ದರ್ಶಿನಿಯಲ್ಲಿ ಜನ ಬೇಗ ತಿಂದು ಜಾಗ ಬಿಡಬೇಕು, ಜಾಗ ಶುಚಿಯಾಗಿ ಕಾಣಬೇಕು. 4000 ಕೆಲ್ವಿನ್, 300-400 ಲಕ್ಸ್, ಎಲ್ಲೆಡೆ ಸಮ. ಇಲ್ಲಿ ನಾಟಕ ಬೇಕಾದದ್ದು ಒಂದೇ ಕಡೆ, ದೋಸೆ ಕಾವಲಿಯ ಮೇಲೆ. ಗಿರಾಕಿಗೆ ಕಾಣುವಂತೆ ಹುಯ್ಯುವ ಕಡೆ 3000 ಕೆಲ್ವಿನ್, ಸಿಆರ್‌ಐ 90, 700 ಲಕ್ಸ್ ಬಿಟ್ಟರೆ ದೋಸೆಯ ಹೊಂಬಣ್ಣ ಬಾಗಿಲವರೆಗೆ ಕಾಣುತ್ತದೆ. ಎಣ್ಣೆ ಹೊಗೆಗೆ ತಡೆಯುವ, ಗಾಜು ಒಡೆದರೂ ಚೂರು ಬೀಳದ ಮುಚ್ಚಿದ ದೀಪವೇ ಬೇಕು. ದೀಪ ಒಡೆದು ಆಹಾರ ಕೆಡದಂತೆ ರಕ್ಷಣೆ ಇರಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮದ ಶೆಡ್ಯೂಲ್ 4 ಕೂಡ ಹೇಳುತ್ತದೆ.

ಕುಟುಂಬದವರು ಕೂತು ಉಣ್ಣುವ ರೆಸ್ಟೋರೆಂಟ್‌ನಲ್ಲಿ ರಾತ್ರಿ ಮೇಜಿನ ಮೇಲೆ 150 ಲಕ್ಸ್, ಓಡಾಡುವ ದಾರಿಗೆ 50, ಬಣ್ಣ 2700-3000. ಕಡಿಮೆ ಬೆಳಕಿಗೆ ಬೆಚ್ಚನೆ ಬಣ್ಣ, ಹೆಚ್ಚು ಬೆಳಕಿಗೆ ಬಿಳುಪು ಬಣ್ಣ ಹಿತವೆನಿಸುತ್ತದೆ ಎಂದು ಫಿಲಿಪ್ಸ್ ಕಂಪನಿಯ ವಿಜ್ಞಾನಿ ಕ್ರೈಟಾಫ್ 1941ರಲ್ಲೇ ನಕ್ಷೆ ಹಾಕಿಕೊಟ್ಟಿದ್ದರು. ಆಮೇಲಿನ ಅಧ್ಯಯನಗಳು ಆ ನಕ್ಷೆಯನ್ನು ಪೂರ್ತಿ ಒಪ್ಪಿಲ್ಲ. ಆದರೂ 50 ಲಕ್ಸ್‌ನ 6500 ಕೆಲ್ವಿನ್ ದೀಪದಡಿ ಉಣ್ಣುವುದು ಯಾರಿಗೂ ಇಷ್ಟವಾಗದು. ಮೇಜಿನ ಮೇಲೆ ತೂಗುದೀಪ ಹಾಕಿದರೆ ಅದರ ಕೆಳ ಅಂಚು ಮೇಜಿನಿಂದ 75 ಸೆಂಟಿಮೀಟರ್ ಮೇಲಿರಲಿ. ಕೂತವರ ಕಣ್ಣು ನೆಲದಿಂದ ಸುಮಾರು 120 ಸೆಂಟಿಮೀಟರ್, ದೀಪದ ಅಂಚು 150. ಹಾಗಾಗಿ ಬಲ್ಬ್ ತೂಗುದೀಪದ ಕವಚದೊಳಗೆ ಪೂರ್ತಿ ಅಡಗದಿದ್ದರೆ ಎದುರಿಗೆ ಕೂತವರ ಮುಖ ಕಾಣುವುದಿಲ್ಲ, ಬರೀ ಬಲ್ಬ್ ಕಾಣುತ್ತದೆ. ಸೀಲಿಂಗ್ ತುಂಬ ನೀಲಿ, ನೇರಳೆ ಸ್ಟ್ರಿಪ್ ಓಡಿಸುವ ಚಟ ಹೈವೇ ಪಕ್ಕದ ಹೋಟೆಲ್‌ಗಳಲ್ಲಿ ಹೆಚ್ಚು. ನೀಲಿ ಬೆಳಕಿನಡಿ ಸಾರು ಮಣ್ಣಿನ ಬಣ್ಣ, ಕೊತ್ತಂಬರಿ ಕಪ್ಪು, ಅನ್ನ ಹಳಸಿದಂತೆ. ಬಣ್ಣ ಬೇಕೇಬೇಕಿದ್ದರೆ ಹೊರಗಿನ ಬೋರ್ಡಿಗೆ ಹಾಕಿಕೊಳ್ಳಿ.

ಮಂದ ಬೆಳಕಿಗೂ ಮಿತಿಯಿದೆ. ಅರವತ್ತು ದಾಟಿದವರ ಕಣ್ಣಿನೊಳಕ್ಕೆ ಇಪ್ಪತ್ತರವರಿಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟೇ ಬೆಳಕು ಹೋಗುತ್ತದೆ. ಮೊಬೈಲ್ ಟಾರ್ಚ್ ಹಿಡಿದು ಮೆನು ಓದುವವರು ಕಂಡರೆ ದೀಪ ಹೆಚ್ಚಿಸಿ, ಇಲ್ಲವೇ ಮೆನುವಿನ ಅಕ್ಷರ ದೊಡ್ಡದು ಮಾಡಿಸಿ. ಗಲ್ಲಾದ ಮೇಲೆ 300 ಲಕ್ಸ್ ಇರಲಿ, ಆದರೆ ಕ್ಯೂಆರ್ ಕೋಡ್ ಸ್ಟ್ಯಾಂಡಿನ ನೇರ ಮೇಲೆ ಸ್ಪಾಟ್ ಬೇಡ; ಅಕ್ರಿಲಿಕ್ ಹೊಳೆದು ಸ್ಕ್ಯಾನ್ ಆಗದೆ ಸಾಲು ನಿಲ್ಲುತ್ತದೆ.

ಮಿಠಾಯಿ ಕೇಸ್‌ಗೆ 3000ದ ಸ್ಟ್ರಿಪ್, ಮುಂದಿನ ಗಾಜಿನ ಮೇಲಂಚಿನಲ್ಲಿ. ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಕೇಸಿನ ಹೊರಗಿರಬೇಕು, ಇಲ್ಲದಿದ್ದರೆ ಅದರ ಬಿಸಿಗೆ ಮೈಸೂರು ಪಾಕಿನ ತುಪ್ಪ ಬೆವರುತ್ತದೆ. ಮಾಂಸ, ಹಣ್ಣಿನ ಮೇಲೆ ಕೆಂಪು ಛಾಯೆಯ ದೀಪ ಹಾಕಿ ತಾಜಾ ಎಂದು ತೋರಿಸುವ ಪದ್ಧತಿಯನ್ನು ಚೀನಾ 2023ರ ಡಿಸೆಂಬರ್ 1ರಿಂದ ನಿಷೇಧಿಸಿದೆ. ಮನೆಗೆ ಒಯ್ದು ಪೊಟ್ಟಣ ಬಿಚ್ಚಿದ ಕೂಡಲೇ ಗೊತ್ತಾಗುವ ಮೋಸವದು. ನಿಷೇಧ ಇರಲಿ ಬಿಡಲಿ, ಆ ದೀಪ ತರಬೇಡಿ.

ಕೆಲಸ ಮಾಡಿಸುವಾಗ

ಪಿಒಪಿ ಕೆಲಸ ಶುರುವಾಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಸರ್ಕ್ಯೂಟ್ ಹಂಚಿಕೆ ಬರೆದುಕೊಡಿ. ಸಾಮಾನ್ಯ ಬೆಳಕು, ಸ್ಪಾಟ್, ಶೋಕೇಸ್, ಕೋವ್ (ಸೀಲಿಂಗ್ ಅಂಚಿನಲ್ಲಿ ಅಡಗಿಸಿದ ಬೆಳಕು) ಇವು ನಾಲ್ಕೂ ಬೇರೆ ಬೇರೆ ಸ್ವಿಚ್‌ಗೆ ಬರಬೇಕು; ಶೋಕೇಸ್‌ಗೆ ಟೈಮರ್. ಸೀಲಿಂಗ್ ಮುಚ್ಚಿದ ಮೇಲೆ ಇದನ್ನು ಬದಲಿಸಲು ಒಡೆಯಬೇಕಾಗುತ್ತದೆ. ಹಬ್ಬಕ್ಕೊಮ್ಮೆ ಡಿಸ್‌ಪ್ಲೇ ಬದಲಿಸುವ ಕಡೆ ಕೊರೆದು ಕೂರಿಸುವ ಸ್ಪಾಟಿಗಿಂತ ಹಳಿಯ ಮೇಲೆ ಸರಿಸಬಹುದಾದ ಟ್ರ್ಯಾಕ್‌ಲೈಟ್ ವಾಸಿ.

ಅಗ್ಗದ ದೀಪದಲ್ಲಿ ಮೊದಲು ಕೈಕೊಡುವುದು ಡ್ರೈವರ್. ಡ್ರೈವರನ್ನು ಚಿಪ್ ಹಲಗೆಯ ಮೇಲೇ ಕೂರಿಸಿದ ಡಿಒಬಿ ಮಾದರಿಗಳಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ತಿಳಿಯದು, ಮೊಬೈಲ್‌ಗೆ ತಿಳಿಯುತ್ತದೆ: ವಿಡಿಯೊ ಕಾಲ್‌ನಲ್ಲಿ ಊರಲ್ಲಿರುವ ಅಕ್ಕನಿಗೆ ಸೀರೆ ತೋರಿಸುವಾಗ ಪರದೆ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತವೆ. ಕೊಳ್ಳುವ ಮುಂಚೆ ಫೋನಿನ ಸ್ಲೋ ಮೋಷನ್‌ನಲ್ಲಿ ದೀಪವನ್ನು ಚಿತ್ರೀಕರಿಸಿ, ಮಿಣುಕಿದರೆ ಬಿಡಿ. ವೋಲ್ಟೇಜ್ ಏರಿಳಿತ ತಡೆಯುವ ವ್ಯಾಪ್ತಿ, ಸರ್ಜ್ ರಕ್ಷಣೆ, ಬಿಐಎಸ್ ನೋಂದಣಿ ಗುರುತು ಮೂರನ್ನೂ ನೋಡಿ. ಹಳೇ ಫ್ಯಾನ್ ರೆಗ್ಯುಲೇಟರ್ ಥರದ ಡಿಮ್ಮರ್‌ಗೆ ಡಿಮ್ ಆಗದ ಎಲ್‌ಇಡಿ ಜೋಡಿಸಿದರೆ ಮಿಣುಕು, ಗುಯ್‌ಗುಡುವ ಸದ್ದು ಬರಬಹುದು, ಕೊನೆಗೆ ಡ್ರೈವರ್ ಸುಡಲೂಬಹುದು.

ಕೋವ್‌ಗೆ ಸ್ಟ್ರಿಪ್ ಹಾಕುವಾಗ 12 ವೋಲ್ಟ್‌ಗಿಂತ 24 ವೋಲ್ಟ್‌ನದು ತೆಗೆದುಕೊಳ್ಳಿ, ಮೀಟರ್‌ಗೆ 120 ಎಲ್‌ಇಡಿ ಇರಲಿ, 5 ಮೀಟರ್ ದಾಟಿದರೆ ಎರಡೂ ತುದಿಯಿಂದ ಕರೆಂಟ್ ಕೊಡಿ. ಒಂದೇ ತುದಿಯಿಂದ ಕೊಟ್ಟರೆ ಇನ್ನೊಂದು ತುದಿ ಮಂಕು. ಅಲ್ಯೂಮಿನಿಯಂ ಪ್ರೊಫೈಲ್ ಇಲ್ಲದೆ ನೇರ ಜಿಪ್ಸಮ್‌ಗೆ ಅಂಟಿಸಿದ ಸ್ಟ್ರಿಪ್ ಬಿಸಿಗೆ ಬೇಗ ಬಣ್ಣಗೆಟ್ಟು, ಗೋಂದು ಬಿಟ್ಟು ಜೋತುಬೀಳುತ್ತದೆ.

ಬೇಕಾದ್ದಕ್ಕಿಂತ ಹತ್ತನೇ ಒಂದು ಭಾಗ ಹೆಚ್ಚು ದೀಪವನ್ನು ಅದೇ ಬ್ಯಾಚ್‌ನಲ್ಲೇ ಕೊಂಡಿಡಿ. ಎರಡು ವರ್ಷದ ಮೇಲೆ ತಂದ ಅದೇ ಕಂಪನಿಯ ಅದೇ 4000 ಕೆಲ್ವಿನ್ ದೀಪವೂ ಸಾಲಿನಲ್ಲಿ ಹಸಿರಾಗಿಯೋ ಗುಲಾಬಿಯಾಗಿಯೋ ಎದ್ದು ಕಾಣಬಹುದು. ಡೇಟಾಶೀಟ್‌ನಲ್ಲಿ 3 ಎಸ್‌ಡಿಸಿಎಂ (ದೀಪದಿಂದ ದೀಪಕ್ಕೆ ಬಣ್ಣ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಅಂತ ಇದ್ದರೆ ಈ ವ್ಯತ್ಯಾಸ ಕಡಿಮೆ.

ಸ್ಪಾಟ್ ತಿರುಗಿಸಿ ಕೂರಿಸುವುದು ಸರಕೆಲ್ಲ ಜೋಡಿಸಿದ ಮೇಲೆ, ಸಂಜೆ ಕತ್ತಲಾದ ನಂತರ, ಇಬ್ಬರಿದ್ದು ಮಾಡುವ ಕೆಲಸ: ಒಬ್ಬರು ಏಣಿಯ ಮೇಲೆ, ಇನ್ನೊಬ್ಬರು ಗಿರಾಕಿ ಕೂರುವ ಜಾಗದಲ್ಲಿ ಲಕ್ಸ್ ಮೀಟರ್ ಹಿಡಿದು. ಫೋನಿನ ಆ್ಯಪ್ ಎರಡು ಜಾಗಗಳ ಹೋಲಿಕೆಗೆ ಸಾಕು, ನಿಜವಾದ ಅಂಕೆಗೆ ಸಾಲದು. ಬಿಗಿ ಮಾಡಿದ ಮೇಲೆ ದೀಪದ ಅಂಚಿನ ಮೇಲೂ ಟ್ರ್ಯಾಕ್ ಮೇಲೂ ಮಾರ್ಕರ್‌ನಲ್ಲಿ ಗೆರೆ ಎಳೆದಿಡಿ. ಧೂಳು ಒರೆಸಲು ಹತ್ತಿದವರು ಸರಿಸಿಬಿಟ್ಟರೂ ಮತ್ತೆ ಅಲ್ಲಿಗೇ ತರಬಹುದು. ಆ ಧೂಳು ಒರೆಸುವ ಕೆಲಸ ಮೂರು ತಿಂಗಳಿಗೊಮ್ಮೆ, ದೋಸೆ ಕಾವಲಿಯ ಮೇಲಿನ ದೀಪಕ್ಕೆ ವಾರಕ್ಕೊಮ್ಮೆ.